ತೊಗಲು ಹಾಡಿದ ಗುಟ್ಟು

ಚಿಂಚೋಳಿ, ಸೇಡಂ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಯ ದಿನ ಎರಡು ಬಗೆಯ ತೊಗಲು ದನಿ ತೆಗೆಯುತ್ತಿದ್ದವು. ಹೊತ್ತು ಮುಳುಗುವ ಮುಂಚೆ ಹಲಗಿಯವರು ಕಣಕಿಯ ಬೆಂಕಿ ಹಚ್ಚಿ, ಹಲಗಿಯ ಮೈ ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ ಎದ್ದು ನಿಲ್ಲುತ್ತಿದ್ದರು. ಪಲ್ಲಕ್ಕಿಯ ಮುಂದೆ ಆ ಹಲಗಿ ಸಿಡಿದರೆ ಶಹಾಬಾದ್ ಫರಸಿ ಹಾಸಿದ ಅಂಗಳದಲ್ಲಿ ನಿಂತವರ ಎದೆಗೂಡು ನಡುಗುತ್ತಿತ್ತು. ರಾತ್ರಿ ಅದೇ ಗುಡಿಯ ಕಟ್ಟೆಯ ಮೇಲೆ ಭಜನಾ ಮೇಳ ಕೂಡುತ್ತಿತ್ತು. ತಬಲಾದವನು ಪೇಟಿಯ ಷಡ್ಜಕ್ಕೆ ಕಿವಿಗೊಟ್ಟು, ಸುತ್ತಿಗೆಯಿಂದ ಅಂಚನ್ನು ಮೆಲ್ಲಗೆ ಬಡಿದು, ತೊಗಲಿನ ದನಿಯನ್ನು ಸ್ವರಕ್ಕೆ ಕೂಡಿಸುತ್ತಿದ್ದ. ಹಲಗಿಗೆ ಬಿಸಿ ಸಾಕಿತ್ತು, ಪೇಟಿ ಬೇಕಿರಲಿಲ್ಲ. ತಬಲಾ ಮಾತ್ರ ಹಾಡುವವರ ಕೊರಳಿನ ಜೊತೆ ಸೇರಿ ತಾನೂ ಹಾಡುತ್ತಿತ್ತು. ಎರಡೂ ತೊಗಲೇ. ಕಣ್ಣಿಗೆ ಕಾಣುತ್ತಿದ್ದ ವ್ಯತ್ಯಾಸ ಒಂದೇ, ತಬಲಾದ ನಡುವೆ ಮೆತ್ತಿದ್ದ ಕರಿ ವೃತ್ತ.

ಶತಮಾನಗಳಿಂದ ಈ ವ್ಯತ್ಯಾಸ ಈ ನಾಡಿನ ಕಿವಿಗಳಿಗೆ ಗೊತ್ತಿತ್ತು. ಅದರ ಕಾರಣ ಮಾತ್ರ ಭೌತವಿಜ್ಞಾನದ ಯಾವ ಪುಸ್ತಕದಲ್ಲೂ ಇರಲಿಲ್ಲ. ಆ ಪುಸ್ತಕಗಳು ಹೇಳುತ್ತಿದ್ದುದು ತದ್ವಿರುದ್ಧವಾದ ಮಾತು: ಬಿಗಿದ ತೊಗಲಿಗೆ ಹಾಡಲು ಬರುವುದಿಲ್ಲ.

ಯೂರೋಪಿನ ವಿದ್ವಾಂಸರು ಹಾಗೆ ಹೇಳಲು ಬಲವಾದ ಲೆಕ್ಕವಿತ್ತು. ತಂತಿಯನ್ನು ಮೀಟಿದರೆ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳ ಉಪಸ್ವರಗಳೂ ಏಳುತ್ತಿದ್ದವು. ಈ ಪೂರ್ಣಸಂಖ್ಯೆಗಳ ಹೊಂದಾಣಿಕೆಯಿಂದಲೇ ಕಿವಿ ಅದನ್ನು ಸ್ವರವೆಂದು ಒಪ್ಪುತ್ತಿತ್ತು. ದುಂಡನೆಯ ತೊಗಲಿನ ಲೆಕ್ಕ ಬಿಡಿಸಿದಾಗ ಬಂದ ಸಂಖ್ಯೆಗಳೇ ಬೇರೆ: 1, 1.59, 2.14, 2.30, 2.65, 2.92. ಒಂದಕ್ಕೊಂದು ತಾಳೆಯಾಗದ ಈ ಕಂಪನಗಳೆಲ್ಲ ಒಟ್ಟಿಗೆ ಎದ್ದರೆ ಹುಟ್ಟುವುದು ಸದ್ದು. ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಸ್ವರಸಂವೇದನೆಯ ಬಗ್ಗೆ ಮಹಾಗ್ರಂಥ ಬರೆದರು, ಲಾರ್ಡ್ ರೇಲೀ 1877ರಲ್ಲಿ ಧ್ವನಿಸಿದ್ಧಾಂತದ ಮೊದಲ ಸಂಪುಟ ಹೊರತಂದರು. ಇಬ್ಬರ ನಂತರ ಈ ವಿಷಯದಲ್ಲಿ ಹೊಸದೇನೂ ಉಳಿದಿಲ್ಲ ಎಂಬ ಭಾವನೆ ಗಟ್ಟಿಯಾಯಿತು.

ಪಶ್ಚಿಮದ ವಾದಕರು ತೊಗಲಿನ ಈ ಮಿತಿಯೊಳಗೇ ತಮ್ಮ ದಾರಿ ಕಂಡುಕೊಂಡರು. ಮುಂದೆ ರಾಕ್ ಸಂಗೀತ ಬಂದಾಗ ಡ್ರಮ್ಮಿನ ಬೇಡದ ಗುಂಯ್‌ಗುಟ್ಟುವಿಕೆಯನ್ನು ಅಡಗಿಸುವುದೇ ಒಂದು ಕೌಶಲವಾಯಿತು. ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಡ್ರಮ್ಮುಗಳ ಮೇಲೆ ಅಡುಗೆಮನೆಯ ಟವೆಲ್ ಹಾಸಿಕೊಂಡು ನುಡಿಸಿದರು. ಆತ ಎಡಚ, ಕೂರುತ್ತಿದ್ದುದು ಬಲಗೈಯವರಿಗೆ ಜೋಡಿಸಿದ ಡ್ರಮ್ಮುಗಳ ಮುಂದೆ. ಹೀಗಾಗಿ ಅವರ ಕೈ ಹೊರಳುವ ಕ್ರಮ ಬಲಗೈಯವರಿಗೆ ಸುಲಭಕ್ಕೆ ಹತ್ತಲಿಲ್ಲ. ಲೆಡ್ ಜೆಪೆಲಿನ್‌ನ ಜಾನ್ ಬೊನಮ್ ವೇದಿಕೆಯ ಮೇಲೆ ಕೋಲುಗಳನ್ನು ಬಿಸುಟು ಬರಿಗೈಯಿಂದ ಬಾರಿಸಿದರು. ಟೋಟೋ ತಂಡದ ಜೆಫ್ ಪೊರ್ಕಾರೊ 1982ರಲ್ಲಿ ಮೈಕೆಲ್ ಮೆಕ್‌ಡೊನಾಲ್ಡ್‌ರ ಹಾಡೊಂದಕ್ಕೆ ಒಂದೇ ಕೈಯಿಂದ ಹೈ-ಹ್ಯಾಟ್ ಎಂಬ ಜೋಡಿತಾಳ ನುಡಿಸಿದ ರೀತಿಯನ್ನು ಹಿಡಿಯಲು ವಾದಕರು ವರ್ಷಗಟ್ಟಲೆ ಒದ್ದಾಡಿದರು. ಏಟುಗಳ ಲೆಕ್ಕ ಕೈಗೆ ಬಂದರೂ ಆ ನಡೆ ಬರುತ್ತಿರಲಿಲ್ಲ. 2015ರಲ್ಲಿ ಫಿನ್ಲೆಂಡಿನ ಭೌತವಿಜ್ಞಾನಿ ಎಸಾ ರ್‍ಯಾಸನೆನ್ ಮತ್ತು ಸಂಗಡಿಗರು ಆ ಧ್ವನಿಮುದ್ರಣದ ಹೈ-ಹ್ಯಾಟ್ ಏಟುಗಳನ್ನು ಒಂದೊಂದಾಗಿ ಅಳೆದರು. ಕೆಲವೇ ಮಿಲಿಸೆಕೆಂಡುಗಳ ಹಿಂದುಮುಂದು ಅಲ್ಲಿತ್ತು. ಆ ತಪ್ಪಿಹೋಗುವಿಕೆ ಮನಬಂದಂತೆ ಇರಲಿಲ್ಲ. ಎಷ್ಟೋ ಹಿಂದಿನ ಏಟಿನ ನೆನಪು ಮುಂದಿನ ಏಟಿನೊಳಗೂ ಉಳಿದಿತ್ತು. ಯಂತ್ರದಿಂದ ಬೇಕಾಬಿಟ್ಟಿ ಹಿಂದುಮುಂದು ಮಾಡಿದರೆ ಆ ಜೀವಂತಿಕೆ ಬರುವಂತಿರಲಿಲ್ಲ.

ರಾಕ್ ವಾದಕರ ಗುಟ್ಟು ಹೀಗೆ ಕೈಯಲ್ಲೂ ಕಾಲದಲ್ಲೂ ಇತ್ತು. ತಬಲಾದಂತೆಯೇ ನಡುವೆ ಕರಿ ವೃತ್ತ ಹೊತ್ತ ಮೃದಂಗದ ಗುಟ್ಟಿಗೆ ಇನ್ನೊಂದು ಪದರವಿತ್ತು, ಅದು ತೊಗಲಿನ ಒಳಗೇ ಅಡಗಿತ್ತು. ಅದನ್ನು ಹೊರಗೆಳೆದ ಕತೆ ಕಲ್ಕತ್ತೆಯ ಒಂದು ಟ್ರಾಮಿನಿಂದ ಶುರುವಾಗಿ ಬೆಂಗಳೂರಿನಲ್ಲಿ ಮುಗಿಯಿತು. ನಡುವೆ ನಾಲ್ಕು ದಶಕಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

1907ರಲ್ಲಿ ಚಂದ್ರಶೇಖರ ವೆಂಕಟ ರಾಮನ್‌ಗೆ ಹದಿನೆಂಟು ವರ್ಷ. ತಂದೆ ಪಾಠ ಹೇಳುವ ಅಧ್ಯಾಪಕರು, ಬಿಡುವಿನಲ್ಲಿ ಪಿಟೀಲು ನುಡಿಸುತ್ತಿದ್ದವರು. ಹುಡುಗನ ಕೈಗೆ ಎಳೆಯ ವಯಸ್ಸಿನಲ್ಲೇ ಹೆಲ್ಮ್‌ಹೋಲ್ಟ್ಸ್‌ರ ಪುಸ್ತಕ ಸಿಕ್ಕಿತು. ತನ್ನನ್ನು ರೂಪಿಸಿದ ಮೂರು ಪುಸ್ತಕಗಳಲ್ಲಿ ಅದೂ ಒಂದೆಂದು ರಾಮನ್ ಕೊನೆಯವರೆಗೂ ನೆನೆದರು. ಮೇಲಿನ ಓದಿಗೆ ಇಂಗ್ಲೆಂಡಿಗೆ ಹೋಗಬೇಕೆಂದಾಗ ಮದರಾಸಿನ ಸರ್ಕಾರಿ ವೈದ್ಯರು ಆ ತೆಳ್ಳನೆಯ ಮೈಯನ್ನು ಪರೀಕ್ಷಿಸಿ, ಅಲ್ಲಿನ ಚಳಿಗೆ ಬದುಕಲಾರ ಎಂದುಬಿಟ್ಟರು. ಬಾಗಿಲು ಮುಚ್ಚಿತು. ಭಾರತದಲ್ಲಿದ್ದು ವಿಜ್ಞಾನವನ್ನೇ ಹೊಟ್ಟೆಪಾಡು ಮಾಡಿಕೊಳ್ಳುವ ದಾರಿ ಆಗ ಇರಲಿಲ್ಲವೆಂದೇ ಹೇಳಬೇಕು. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ತೇರ್ಗಡೆಯಾಗಿ, ಮದುವೆ ಮಾಡಿಕೊಂಡು, ಕಲ್ಕತ್ತೆಯ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಲೆಕ್ಕದ ಪುಸ್ತಕಗಳ ಮುಂದೆ ಕೂತರು. ಪತ್ನಿ ಲೋಕಸುಂದರಿ ವೀಣೆ ನುಡಿಸುತ್ತಿದ್ದರು. ಮನೆಗೆ ನಾದ ಬಂದಿತ್ತು, ಪ್ರಯೋಗಶಾಲೆ ಬಂದಿರಲಿಲ್ಲ.

ಅದು ಬಂದದ್ದು ಆಕಸ್ಮಿಕವಾಗಿ. ಟ್ರಾಮಿನಲ್ಲಿ ಹೋಗುತ್ತಿದ್ದಾಗ ಬೌಬಜಾರ್ ಬೀದಿಯ 210ನೇ ಮನೆಯ ಮೇಲಿನ ಫಲಕ ಅವರ ಕಣ್ಣಿಗೆ ಬಿತ್ತು: ವಿಜ್ಞಾನ ಕೃಷಿಯ ಭಾರತೀಯ ಸಂಘ. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ಸಂಸ್ಥೆ ಅದು. ದೊಡ್ಡ ಕನಸಿನಿಂದ ಹುಟ್ಟಿ, ಕೆಲಸ ಮಾಡುವವರಿಲ್ಲದೆ ಧೂಳು ಹಿಡಿದಿತ್ತು. ರಾಮನ್ ಇಳಿದು ಹೋಗಿ ಬಾಗಿಲು ತಟ್ಟಿದರು. ತೆರೆದವರು ಆಶುತೋಷ್ ಡೇ, ಎಲ್ಲರ ಬಾಯಲ್ಲಿ ಆಶು ಬಾಬು. ಕಾಲೇಜಿನ ಮೆಟ್ಟಿಲು ಹತ್ತದ ಈ ಮನುಷ್ಯ ಮುಂದೆ ವರ್ಷಾನುಗಟ್ಟಲೆ ರಾಮನ್‌ರ ಬಲಗೈಯಾಗಿ ನಿಂತರು.

ಅಲ್ಲಿಂದ ಶುರುವಾಯಿತು ಕದ್ದ ಹೊತ್ತಿನ ವಿಜ್ಞಾನ. ಬೆಳಗಿನ ಐದೂವರೆಗೆ ಸಂಘ, ಹತ್ತರ ಹೊತ್ತಿಗೆ ಕಚೇರಿ, ಸಂಜೆ ಐದಕ್ಕೆ ಮತ್ತೆ ಸಂಘ, ರಾತ್ರಿ ಹತ್ತರ ಸುಮಾರಿಗೆ ಮನೆ. ಮುಂದೆ ಅವರು ಸಂಘದ ಪಕ್ಕದ ಮನೆಗೇ ಬಿಡಾರ ಬದಲಿಸಿ, ನಡುವೆ ಒಂದು ಬಾಗಿಲು ಇಡಿಸಿಕೊಂಡರು. ಸರ್ಕಾರ ಅವರನ್ನು ರಂಗೂನಿಗೆ ಎಸೆಯಿತು, ಆಮೇಲೆ ನಾಗಪುರಕ್ಕೆ. ಪ್ರತಿ ವರ್ಗಾವಣೆಗೂ ಪ್ರಯೋಗ ನಿಂತುಹೋಗುತ್ತಿತ್ತು. 1911ರಲ್ಲಿ ಕಲ್ಕತ್ತೆಗೆ ಮರಳಿದವರು ಬಿಟ್ಟಲ್ಲಿಂದಲೇ ಎತ್ತಿಕೊಂಡರು. 1917ರಲ್ಲಿ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆ ಎದುರಿಗೆ ಬಂದಾಗ, ಬಹಳ ಕಡಿಮೆ ಸಂಬಳವೆಂದು ಗೊತ್ತಿದ್ದೂ ಸರ್ಕಾರಿ ಕೆಲಸ ಬಿಟ್ಟರು. ಈ ನಷ್ಟದ ಲೆಕ್ಕವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಇಲಾಖೆಯಲ್ಲೇ ಇರಲಿಲ್ಲ.

ಕೈಗೆ ಸಿಕ್ಕ ಉಪಕರಣಗಳು ಬಡವಾಗಿದ್ದವು. ರಾಮನ್ ಅದಕ್ಕೆ ತಕ್ಕ ಪ್ರಶ್ನೆಗಳನ್ನೇ ಹುಡುಕಿದರು. ಏಕತಾರಿ, ಪಿಟೀಲು, ವೀಣೆ, ತಂಬೂರಿ, ಊರಿನ ಸಂಗೀತದಲ್ಲಿ ಕಂಡದ್ದೆಲ್ಲ ಪ್ರಯೋಗದ ಮೇಜಿಗೆ ಬಂತು. ಪಿಟೀಲಿನ ಕಮಾನನ್ನು ಒಂದೇ ಹದದಲ್ಲಿ ಎಳೆಯುವ ಯಂತ್ರವನ್ನೂ ಕಟ್ಟಿದರು. ಈ ಸಾಲಿನಲ್ಲಿ ಮೃದಂಗ ಬಂದಾಗ ಕಿವಿ ಹೇಳಿದ್ದಕ್ಕೂ ಪುಸ್ತಕ ಹೇಳಿದ್ದಕ್ಕೂ ಜಗಳ ಬಿತ್ತು. ರಾಮನ್‌ಗೆ ಹೆಲ್ಮ್‌ಹೋಲ್ಟ್ಸ್ ಗುರುವಿನಂತೆ. ಆ ಗುರುವಿನ ಲೆಕ್ಕದ ಪ್ರಕಾರ ಈ ವಾದ್ಯ ಸ್ವರಕ್ಕೆ ನಿಲ್ಲಬಾರದು. ಆದರೆ ಸಂಗೀತ ಕಛೇರಿಯಲ್ಲಿ ಅದು ತಂಬೂರಿಯ ಪಕ್ಕದಲ್ಲೇ ನಿಂತು ಶ್ರುತಿಗೆ ಒದಗುತ್ತಿತ್ತು. ರಾಮನ್ ಕಿವಿಯನ್ನು ನಂಬಿದರು. ಇಲ್ಲಿ ಪುಸ್ತಕವನ್ನು ನಂಬಿದ್ದರೆ ಕತೆ ಮುಗಿದೇ ಹೋಗುತ್ತಿತ್ತು.

1920ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಬಂತು. ಬರೆದವರು ರಾಮನ್ ಮತ್ತು ಶಿವಕಾಳಿ ಕುಮಾರ್. ಭಾರತದಲ್ಲಿ ಒಂದು ಬಗೆಯ ಚರ್ಮವಾದ್ಯವಿದೆ, ಅದರ ಉಪಸ್ವರಗಳು ತಂತಿಯ ಉಪಸ್ವರಗಳಂತೆ ಪೂರ್ಣಸಂಖ್ಯೆಯ ಸಾಲಿನಲ್ಲೇ ನಿಲ್ಲುತ್ತವೆ ಎಂಬುದು ಅದರ ಸಾರ. ಐದನೆಯ ಹಾರ್ಮೋನಿಕ್‌ವರೆಗೆ, ಅಂದರೆ ಮೂಲಸ್ವರದ ಐದರಷ್ಟು ಕಂಪನದವರೆಗೆ, ಸಾಲು ಕೆಡದೆ ಸಾಗಿತ್ತು. ಯೂರೋಪಿನ ಗ್ರಂಥಗಳಲ್ಲಿ ಜಾಗವೇ ಇಲ್ಲದ ವಾದ್ಯವೊಂದು ಲಂಡನ್ನಿನ ಪತ್ರಿಕೆಯಲ್ಲಿ ತನ್ನ ಹೆಸರು ಹೇಳಿಕೊಂಡಿತು.

ಆದರೆ ಅದು ಅರ್ಧ ಗೆಲುವು. ಸ್ವರ ಕೂಡುತ್ತದೆ ಎಂದು ಗೊತ್ತಾಯಿತು, ಕೂಡುವಾಗ ತೊಗಲು ಹೇಗೆ ಅಲುಗುತ್ತದೆ ಎಂದು ನೋಡಿದವರಿರಲಿಲ್ಲ. ನೋಡುವ ಉಪಾಯ ಹಳೆಯದು. ಜರ್ಮನಿಯ ಕ್ಲಾಡ್ನಿ ಹದಿನೆಂಟನೇ ಶತಮಾನದಲ್ಲೇ ಲೋಹದ ತಟ್ಟೆಯ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದಿದ್ದ. ಅಲುಗುವ ಜಾಗದಿಂದ ಮರಳು ಹಾರಿ ಅಲುಗದ ಗೆರೆಗಳ ಮೇಲೆ ಕೂತು ಚಿತ್ತಾರ ಬರೆಯುತ್ತಿತ್ತು. ತಟ್ಟೆಗೆ ಕಮಾನು ಎಳೆಯುತ್ತಲೇ ಇರಬಹುದು, ಮರಳಿಗೆ ಸಮಯ ಸಿಗುತ್ತದೆ. ಮೃದಂಗಕ್ಕೆ ಕಮಾನು ಎಳೆಯುವಂತಿಲ್ಲ. ಏಟು ಬಿದ್ದ ಗಳಿಗೆಯಲ್ಲಿ ನಾದ ಹುಟ್ಟಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕುಗ್ಗತೊಡಗುತ್ತದೆ. ಜೋರಾಗಿ ಹೊಡೆದರೆ ಮರಳೆಲ್ಲ ಚೆಲ್ಲಾಪಿಲ್ಲಿ, ಮೆಲ್ಲಗೆ ಹೊಡೆದರೆ ಕದಲುವುದೇ ಇಲ್ಲ. ಬೆರಳು ಒಂದು ಎಳೆ ಆಚೀಚೆಯಾದರೂ ಬೇಡದ ಕಂಪನ ಬೆರೆತು ಚಿತ್ರ ಕೆಡುತ್ತದೆ.

ಈ ತೊಡಕುಗಳ ನಡುವೆಯೇ ರಾಮನ್‌ರ ಜೀವನ ಬೇರೆ ದಿಕ್ಕಿಗೆ ಹೊರಳಿತು. 1921ರಲ್ಲಿ ಹಡಗಿನ ಪಯಣದಲ್ಲಿ ಕಂಡ ಸಮುದ್ರದ ನೀಲಿ ಅವರನ್ನು ಬೆಳಕಿನತ್ತ ಎಳೆಯಿತು. 1928ರ ಫೆಬ್ರವರಿ 28ರಂದು ಮುಂದೆ ರಾಮನ್ ಪರಿಣಾಮವೆಂದು ಹೆಸರಾದದ್ದು ಸಿಕ್ಕಿತು, 1930ರಲ್ಲಿ ನೊಬೆಲ್ ಬಂತು. ನಡುವೆ 1927ರಲ್ಲಿ ಜರ್ಮನಿಯ ಭೌತವಿಜ್ಞಾನದ ಮಹಾಕೈಪಿಡಿಗೆ ಸಂಗೀತವಾದ್ಯಗಳ ಅಧ್ಯಾಯ ಬರೆದುಕೊಟ್ಟರು. ಕೀರ್ತಿ ಬೆಳಕಿನಿಂದ ಬಂದಿತ್ತು. ಮೃದಂಗವನ್ನು ಅಲ್ಲಿಗೇ ಕೈಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು, ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ. ಬಂದ ಕೆಲವೇ ವರ್ಷಗಳಲ್ಲಿ ಆಡಳಿತದ ತಿಕ್ಕಾಟ ಬೆಳೆದು 1937ರಲ್ಲಿ ಆ ಕುರ್ಚಿಯನ್ನು ಬಿಡಬೇಕಾಯಿತು. ಆ ಗದ್ದಲಕ್ಕೆ ಮುಂಚೆಯೇ, 1934ರಲ್ಲಿ, ಅವರು ಇನ್ನೊಂದು ಕೆಲಸ ಮಾಡಿ ಮುಗಿಸಿದ್ದರು. ಭಾರತದ ಸಂಶೋಧನೆ ಭಾರತದ ಪತ್ರಿಕೆಯಲ್ಲೇ ಬರಬೇಕೆಂಬ ಹಟದಿಂದ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಸ್ಥಾಪಿಸಿ, ಅದರ ಪತ್ರಿಕೆ ಹೊರಡಿಸಿದರು. ಆ ಪತ್ರಿಕೆಯ ಮೊಟ್ಟಮೊದಲ ಸಂಪುಟದಲ್ಲಿ, ಬೆಳಕು ಮತ್ತು ಹರಳುಗಳ ಪ್ರಬಂಧಗಳ ನಡುವೆ, ರಾಮನ್ ಒಬ್ಬರೇ ಬರೆದ ಹತ್ತು ಪುಟಗಳ ಒಂದು ಪ್ರಬಂಧವಿತ್ತು: ‘ದಿ ಇಂಡಿಯನ್ ಮ್ಯೂಸಿಕಲ್ ಡ್ರಮ್ಸ್’. ಮೊದಲ ಟಿಪ್ಪಣಿ ಬಂದು ಹದಿನಾಲ್ಕು ವರ್ಷ ಕಳೆದಿತ್ತು. ನೊಬೆಲ್ ಪಡೆದ ಮನುಷ್ಯ ಹಳೆಯ ಸಾಲವನ್ನು ತೀರಿಸದೆ ಬಿಟ್ಟಿರಲಿಲ್ಲ.

ಈ ಸಲ ಮರಳು ಸೋತಿರಲಿಲ್ಲ. ನಯವಾದ ಮರಳನ್ನು ಏಟಿಗೆ ಕೊಂಚ ಮುಂಚೆ, ಇಲ್ಲವೇ ಏಟಿನ ಬೆನ್ನಿಗೇ ಉದುರಿಸುವುದು, ಬೇಡದ ಕಂಪನವನ್ನು ಇನ್ನೊಂದು ಬೆರಳಿನ ಹಗುರ ಸ್ಪರ್ಶದಿಂದ ಅಡಗಿಸುವುದು, ಇದೇ ದಾರಿಯಾಯಿತು. ಆ ಒಂದು ಚಣದಲ್ಲಿ ಮರಳು ಗೆರೆಗಳಿಗೆ ಸರಿದು ಕೂತಿತು. ಮೂಲಸ್ವರಕ್ಕೆ ಗೆರೆಯೇ ಇಲ್ಲ, ಇಡೀ ತೊಗಲು ಒಟ್ಟಿಗೆ ಉಸಿರಾಡಿತು. ಎರಡನೆಯದಕ್ಕೆ ನಡುವೆ ಹಾದ ಒಂದು ಅಡ್ಡಗೆರೆ. ಇಲ್ಲಿಯವರೆಗೆ ಎಲ್ಲವೂ ಸರಳ.

ಅಚ್ಚರಿ ಮೂರನೆಯದರಿಂದ ಶುರುವಾಯಿತು. ಒಂದನ್ನೊಂದು ಕತ್ತರಿಸುವ ಎರಡು ಗೆರೆಗಳ ಚಿತ್ರವೂ ಮೂರನೆಯ ಹಾರ್ಮೋನಿಕ್ ಕೊಟ್ಟಿತು, ದುಂಡನೆಯ ಒಂದು ವೃತ್ತದ ಚಿತ್ರವೂ ಅದೇ ಸ್ವರ ಕೊಟ್ಟಿತು. ಸಾಮಾನ್ಯ ತೊಗಲಿನಲ್ಲಿ ಇವೆರಡರ ಲೆಕ್ಕ 2.14 ಮತ್ತು 2.30, ಎರಡು ಬೇರೆ ದನಿಗಳು. ಮೃದಂಗದಲ್ಲಿ ಎರಡೂ ಬಂದು 3ರ ಮೇಲೆ ಕೂತಿದ್ದವು. ನಾಲ್ಕನೆಯ ಹಾರ್ಮೋನಿಕ್‌ನಲ್ಲೂ ಎರಡು ಬಗೆಯ ಕಂಪನಗಳು ಒಂದಾಗಿದ್ದವು, ಐದನೆಯದರಲ್ಲಿ ಮೂರು. ಒಟ್ಟು ಒಂಬತ್ತು ಕಂಪನಗಳು, ಸ್ವರಗಳು ಮಾತ್ರ ಐದು. ಒಂದೇ ಸ್ವರಕ್ಕೆ ಸೇರಿದ ಕಂಪನಗಳು ಬೆರೆತು ಹೊಸ ಚಿತ್ರಗಳನ್ನೂ ಕೊಟ್ಟವು. ಒಂದನ್ನೊಂದು ಮುಟ್ಟದ ಎರಡು ಗೆರೆ, ಮೂರು ಗೆರೆ, ನಾಲ್ಕು ಗೆರೆ, ತಂತಿಯೊಂದು ತನ್ನನ್ನು ಸಮಭಾಗ ಮಾಡಿಕೊಂಡಂತೆ ದುಂಡನೆಯ ತೊಗಲು ತನ್ನನ್ನು ಹೋಳು ಮಾಡಿಕೊಂಡಿತ್ತು. ಭೌತವಿಜ್ಞಾನದಲ್ಲಿ ಇಷ್ಟು ಸುಂದರವಾದ ಚಿತ್ರಗಳು ಅಪರೂಪ.

ಮೃದಂಗ ವಿದ್ವಾಂಸರ ಬೆರಳು ಇಷ್ಟು ಕಾಲ ಮಾಡುತ್ತಿದ್ದುದೇನೆಂದು ಆಗ ತಿಳಿಯಿತು. ಮೀಟು ಎಂಬ ಹೊಡೆತ ನುಡಿಸುವಾಗ ಬಲಗೈಯ ಉಂಗುರದ ಬೆರಳು ಕರಣೆಯ, ಅಂದರೆ ಆ ಕರಿ ವೃತ್ತದ, ಅಂಚಿನಲ್ಲಿ ಹೂವಿನ ಭಾರದಲ್ಲಿ ಕೂರುತ್ತಿತ್ತು, ತೋರುಬೆರಳು ಹೊರ ಅಂಚನ್ನು ಹೊಡೆಯುತ್ತಿತ್ತು. ಕೂತ ಬೆರಳಿನ ಕೆಳಗೆ ತೊಗಲು ಅಲುಗದೆ ಮೂಲಸ್ವರ ಅಡಗಿ, ಎರಡನೆಯ ಹಾರ್ಮೋನಿಕ್ ತಿಳಿಯಾಗಿ ಏಳುತ್ತಿತ್ತು. ಬೆರಳು ಎಲ್ಲಿ ಕೂತಿತು, ಎಷ್ಟು ಒತ್ತಿತು, ಯಾವ ಗಳಿಗೆಯಲ್ಲಿ ಎದ್ದಿತು ಎಂಬುದರ ಮೇಲೆ ಒಂಬತ್ತರಲ್ಲಿ ಯಾವುದು ಎಷ್ಟು ಬೆರೆಯಬೇಕೆಂದು ತೀರ್ಮಾನವಾಗುತ್ತಿತ್ತು. ಒಬ್ಬ ವಿದ್ವಾಂಸರ ಮೀಟು ಶಿಷ್ಯನ ಕೈಯಲ್ಲಿ ಅದೇ ಮೃದಂಗದ ಮೇಲೆ ಏಕೆ ಬೇರೆಯಾಗಿ ಕೇಳುತ್ತದೆ ಎಂಬುದಕ್ಕೆ ಕಾರಣ ಇಲ್ಲಿತ್ತು. ಲಯವನ್ನು ಕದಿಯಬಹುದು, ಸೊಲ್ಲುಗಳನ್ನು ಬರೆದುಕೊಳ್ಳಬಹುದು. ಈ ಬೆರೆಕೆಯ ಹದ ಬರೆಹಕ್ಕೆ ಸಿಗದು.

ರಾಮನ್ ಕಂಡದ್ದನ್ನು ತೋರಿಸಿದ್ದರು, ಲೆಕ್ಕದಿಂದ ಬರಿಸಿರಲಿಲ್ಲ. 1922ರಲ್ಲೇ ಆರ್. ಎನ್. ಘೋಷ್ ಗಣಿತದ ಯತ್ನಕ್ಕೆ ಇಳಿದಿದ್ದರು. ನಿಜವಾದ ಕರಣೆ ನಡುವೆ ದಪ್ಪ, ಅಂಚಿಗೆ ಬರುತ್ತ ತೆಳು. ಅದರ ಸಮೀಕರಣವನ್ನು ಬಿಡಿಸುವುದು ಕಬ್ಬಿಣದ ಕಡಲೆಯಾಗಿತ್ತು.

ಆ ಗಂಟು ಸಡಿಲಿದ್ದೂ ಬೆಂಗಳೂರಿನಲ್ಲೇ, ಅದೇ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಧ್ವನಿವಿಜ್ಞಾನಿ ಬಿ. ಎಸ್. ರಾಮಕೃಷ್ಣ ಮತ್ತು ತರುಣ ಮನಮೋಹನ ಸೋಂಧಿ ಧೈರ್ಯದಿಂದ ಒಂದು ಸರಳೀಕರಣ ಮಾಡಿದರು. ತೊಗಲು ಎರಡೇ ತುಂಡಿನದು, ನಡುವಿನ ದುಂಡು ಭಾಗ ಭಾರ, ಸುತ್ತಲಿನ ಬಳೆ ಹಗುರ ಎಂದಿಟ್ಟುಕೊಂಡರು. ಎರಡು ಸಂಖ್ಯೆಗಳಷ್ಟೇ ಉಳಿದವು: ಕರಿ ವೃತ್ತದ ಅಗಲ ಮತ್ತು ಅದರ ತೂಕ. ಸಂಸ್ಥೆಯಲ್ಲಿ ಕಂಪ್ಯೂಟರು ಇಲ್ಲದ ಕಾಲ. ದುಂಡು ತೊಗಲಿನ ಲೆಕ್ಕಕ್ಕೆ ಬೇಕಾದ ಬೆಸೆಲ್ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಲೆಕ್ಕ ನಡೆಯಿತು. ವೃತ್ತದ ತ್ರಿಜ್ಯ ಇಡೀ ತೊಗಲಿನ ತ್ರಿಜ್ಯದ 0.4ರಷ್ಟಿದ್ದು, ಅಷ್ಟೇ ಜಾಗದಲ್ಲಿ ಅದರ ತೂಕ ಸುತ್ತಲಿನದಕ್ಕಿಂತ ಸುಮಾರು ಹತ್ತು ಪಟ್ಟಾದಾಗ ಒಂಬತ್ತು ಕಂಪನಗಳೂ ಐದು ಸ್ವರಗಳ ಬಳಿಗೆ ಬಂದು ನಿಂತವು. 1954ರಲ್ಲಿ ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆ ಅದನ್ನು ಪ್ರಕಟಿಸಿತು. ಸೋಂಧಿ ಮುಂದೆ ಬೆಲ್ ಪ್ರಯೋಗಾಲಯ ಸೇರಿ, ದೂರವಾಣಿಯ ಪ್ರತಿಧ್ವನಿಯನ್ನು ಅಳಿಸುವ ಕೆಲಸದಿಂದ ಹೆಸರಾದರು.

ಇನ್ನು ಉಳಿದದ್ದು ಬಹುಮಾನದಂಥ ವಿವರಣೆ, ಅದು ಚಿಕ್ಕದು. ಮೂಲಸ್ವರದಲ್ಲಿ ತೊಗಲಿನ ನಡುಭಾಗವೇ ಹೆಚ್ಚು ಅಲುಗುತ್ತದೆ. ಅಲ್ಲಿ ಭಾರ ಹೇರಿದರೆ ಆ ಕಂಪನ ನಿಧಾನವಾಗಿ ಸ್ವರ ಬಹಳ ಕೆಳಗಿಳಿಯುತ್ತದೆ. ಅಡ್ಡಗೆರೆಯಿರುವ ಕಂಪನಗಳಲ್ಲಿ ನಡುಭಾಗ ಹೆಚ್ಚು ಕದಲುವುದಿಲ್ಲ, ಭಾರ ಅವನ್ನು ಅಷ್ಟಾಗಿ ತಟ್ಟುವುದಿಲ್ಲ. ಕೆಳಗಿನದು ಇಳಿದು ಮೇಲಿನವು ಉಳಿದಾಗ 1.59 ಇದ್ದ ಅನುಪಾತ 2 ಆಗುತ್ತದೆ, ಉಳಿದವೂ ಸಾಲಾಗಿ 3, 4, 5ಕ್ಕೆ ಬರುತ್ತವೆ.

ರಾಕ್ ಡ್ರಮ್ಮುಗಳಿಗೆ ಪ್ಲಾಸ್ಟಿಕ್ ಹೊದಿಕೆ ಮಾಡುವ ರೆಮೋ ಕಂಪನಿಯೂ ಮುಂದೆ ನಡುವೆ ಕರಿ ಚುಕ್ಕೆಯಿಟ್ಟ ಹೊದಿಕೆಯನ್ನು ಮಾರುಕಟ್ಟೆಗೆ ತಂದಿತು. ಆ ತೆಳು ಪದರ ಏಟಿಗೆ ಬಾಳಿಕೆ ಕೊಟ್ಟಿತು, ಗುಂಯ್‌ಗುಟ್ಟುವಿಕೆಯನ್ನು ಕೊಂಚ ತಗ್ಗಿಸಿತು. ಸ್ವರ ಕೂಡಿಸಲು ಅಷ್ಟು ಭಾರ ಸಾಲುವಂತಿರಲಿಲ್ಲ.

ಭಾರ ಹೇರುವುದೂ ಸುಲಭದ ಮಾತಾಗಿರಲಿಲ್ಲ. ದಪ್ಪ ಲೇಪ ಒಣಗಿದರೆ ಬಿಲ್ಲೆಯಂತೆ ಬಿರುಸಾಗಿ ತೊಗಲು ಬಾಗದು, ಲೆಕ್ಕವೆಲ್ಲ ಕೆಡುತ್ತದೆ. ಇದಕ್ಕೆ ಉಪಾಯವನ್ನು ವಾದ್ಯ ಕಟ್ಟುವವರು ಎಂದೋ ಕಂಡುಕೊಂಡಿದ್ದರು. ಅನ್ನವನ್ನು ಕಿಟ್ಟದ ಕಲ್ಲಿನ ಕರಿ ಪುಡಿಯೊಂದಿಗೆ ಅರೆದು, ಒಂದು ಎಳೆಯಷ್ಟು ಹಚ್ಚಿ, ನುಣುಪುಗಲ್ಲಿನಿಂದ ತಿಕ್ಕಿ, ಒಣಗಿಸಿ, ತಟ್ಟಿ ಕೇಳಿ, ಮತ್ತೊಂದು ಎಳೆ ಹಚ್ಚುತ್ತಿದ್ದರು. ತಿಕ್ಕುವಾಗ ಲೇಪದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳ ಜಾಲ ಹುಟ್ಟುತ್ತಿತ್ತು. ಭಾರ ಉಳಿಯುತ್ತಿತ್ತು, ಬಿರುಸು ಉಳಿಯುತ್ತಿರಲಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಥಾಮಸ್ ರೋಸಿಂಗ್ ಮತ್ತು ಸೈಕ್ಸ್ ಎಂಬ ಸಂಶೋಧಕರು ಕರಣೆಯ ಪದರಗಳು ಏರುತ್ತ ಹೋದಂತೆ ಪ್ರತಿ ಹಂತದಲ್ಲೂ ಕಂಪನಗಳನ್ನು ಅಳೆದು ನೋಡಿದರು. ಮೊದಮೊದಲು ಚದುರಿದ್ದ ಸಂಖ್ಯೆಗಳು ಪದರ ಪದರಕ್ಕೂ ಸರಿಯುತ್ತ, ಕೊನೆಯ ಪದರಗಳ ಹೊತ್ತಿಗೆ ತಂತಿಯ ಸಾಲಿಗೆ ಬಂದು ಕೂಡಿದವು. ಕುಶಲಕರ್ಮಿ ಬರೀ ಕಿವಿಯಿಂದ ಕೇಳಿ ಸಾಕೆಂದು ನಿಲ್ಲಿಸುತ್ತಿದ್ದುದೂ ಅಲ್ಲಿಯೇ.